‘ಕೇಳಿದ್ದೀರಾ?’ ಎಂಬ ನಾಲ್ಕನೆಯ ಕಾಲಂ

ನನಗೆ ಕೂತಲ್ಲಿ ಕೂರುವುದು ಬರುವುದಿಲ್ಲ. ನಿವೃತ್ತಿಯಾಗಿ ಇಷ್ಟು ವರ್ಷ ಕಳೆದರೂ ಬೆಳಿಗ್ಗೆ ಎಂಟೂವರೆಯಾದರೆ ಕಾಲು ತಾನಾಗಿ ಬಾಗಿಲ ಕಡೆ ನಡೆಯುತ್ತದೆ. ಚಪ್ಪಲಿ ಮೆಟ್ಟಿಕೊಂಡ ಮೇಲೆ ಹೋಗಲು ಆಫೀಸಿಲ್ಲ ಎಂಬುದು ನೆನಪಾಗುತ್ತದೆ. ಮತ್ತೆ ಒಳಗೆ ಬಂದು ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸುತ್ತೇನೆ. ಸಾಸಿವೆ ಎಲ್ಲಿ, ಜೀರಿಗೆ ಎಲ್ಲಿ ಎಂದು ನಮ್ಮ ಮನೆಯವರು ದಿನಾ ಹುಡುಕುತ್ತಾರೆ, ದಿನಾ ಬೈಯುತ್ತಾರೆ.

ಹೋದ ವಾರ ಮೇಲಿನ ಮಹಡಿಯ ಹುಡುಗಿ ಬಂದಿದ್ದಳು. ಬೆಳಗಾವಿ ಕಡೆಯವಳು, ವಕೀಲಿ ಓದಿ ಪಣಜಿಯ ಒಂದು ದೊಡ್ಡ ವಕೀಲರ ಕಚೇರಿ ಸೇರಿದ್ದಾಳೆ. ಅಲ್ಲಿ ಹೊಸ ಸಾಫ್ಟ್‌ವೇರ್ ಕೊಳ್ಳುತ್ತಾರಂತೆ. ಕಚೇರಿಗೆ ಏನೇನು ಬೇಕು ಎಂದು ಪಟ್ಟಿ ಮಾಡುವ ಕೆಲಸ ಎಲ್ಲರಿಗಿಂತ ಚಿಕ್ಕವಳಾದ ಇವಳ ಪಾಲಿಗೆ ಬಂದಿದೆ.

‘ಆಂಟಿ, ಆ ಕಾಲದಾಗ ಆಫೀಸಿಗೆ ಕಂಪ್ಯೂಟರ್ ಆರಿಸಿದವರು ನೀವಂತಲ್ರಿ. ಹೆಂಗ ಮಾಡಿದ್ರಿ?’ ಎಂದಳು.

‘ಭಾಳ ಕೆಟ್ಟ ಮಾಡಿದೆ ನೋಡವಾ’ ಎಂದೆ.

ತಮಾಷೆ ಎಂದುಕೊಂಡು ನಕ್ಕಳು. ಚಹಾ ಕುಡಿದು ಹೋದಳು. ತಮಾಷೆಯಲ್ಲ ಎಂದು ತಿಳಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಅವಳೂ ಓದಲಿ, ಅವಳಂಥ ಇನ್ನೂ ಹತ್ತು ಮಂದಿ ಓದಲಿ.

ನನ್ನ ಹೆಸರು ಪದ್ಮಾ, ಊರು ಧಾರವಾಡ. ಎಂಬತ್ತರ ದಶಕದ ಮೊದಲಿಗೆ ಮದುವೆಯಾಗಿ ಗೋವಾಕ್ಕೆ ಬಂದೆ. ಗಂಡನಿಗೆ ಕಾರ್ಖಾನೆಯ ಕೆಲಸ. ಕಂಪನಿಯ ಬಸ್ಸು ಬೆಳಿಗ್ಗೆ ಆರಕ್ಕೇ ಬಂದು ಹಾರ್ನ್ ಹಾಕುತ್ತಿತ್ತು. ಅವರು ಹೋದ ಮೇಲೆ ಖಾಲಿ ಮನೆಯಲ್ಲಿ ನಾನು ಹೇಗೆ ಕೂರಲಿ? ಟೈಪಿಂಗ್, ಶಾರ್ಟ್‌ಹ್ಯಾಂಡ್ ಎರಡೂ ಪಾಸಾಗಿದ್ದವು. ಪಣಜಿಯಲ್ಲಿ ಒಂದು ವಕೀಲರ ಕಚೇರಿ ಸೇರಿದೆ. ಇಬ್ಬರು ಯಜಮಾನರು, ನಾಲ್ವರು ಜೂನಿಯರ್ ವಕೀಲರು, ನಾವು ಆರು ಜನ ಸಿಬ್ಬಂದಿ.

ಹಿರಿಯ ಯಜಮಾನರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಪೋರ್ಚುಗೀಸರ ಕಾಲದಲ್ಲಿ ಕಾನೂನು ಓದಿದವರು. ಹಳೆಯ ಪೋರ್ಚುಗೀಸ್ ಪತ್ರಗಳನ್ನು ನಾವು ಪೇಪರ್ ಓದಿದಂತೆ ಓದುತ್ತಿದ್ದರು. ಡಿಕ್ಟೇಷನ್ ಕೊಡುವಾಗ ಕೋಣೆಯ ತುಂಬ ಓಡಾಡುತ್ತಿದ್ದರು. ಅದೊಂದು ಗುಣ ನನಗೆ ಬಹಳ ಹಿಡಿಸಿತ್ತು. ಕಿರಿಯ ಯಜಮಾನರು ಅವರ ಅಕ್ಕನ ಮಗ, ನಮಗೆ ಚಿಕ್ಕ ಸಾಹೇಬರು. ಮುಂಬಯಿಯಲ್ಲಿ ಓದಿ ಬಂದವರು. ಯಾವ ವಸ್ತುವಿಗಾದರೂ ಒಂದು ಪ್ಲಗ್ ಇದ್ದರೆ ಸಾಕು, ಅದು ಅವರಿಗೆ ಬೇಕು. ಇಬ್ಬರ ಮಾತೂ ಕೊಂಕಣಿ, ನಡುನಡುವೆ ಇಂಗ್ಲಿಷ್. ಇಲ್ಲಿ ನಾನು ಅದನ್ನು ಕನ್ನಡಕ್ಕೆ ತಿರುಗಿಸಿಕೊಂಡು ಬರೆಯುತ್ತೇನೆ.

ಮೊದಲ ವರ್ಷದ ಒಂದು ಪರಾಕ್ರಮ ಹೇಳುತ್ತೇನೆ. ಆಗ ಪ್ರತಿ ದಾವೆಗೂ ಕಾರ್ಬನ್ ಇಟ್ಟು ಆರು ಪ್ರತಿ ಕುಟ್ಟಬೇಕು. ಆರನೆಯ ಪ್ರತಿಯಲ್ಲೂ ಅಕ್ಷರ ಮೂಡಬೇಕೆಂದರೆ ಬೆರಳಿನ ಗೆಣ್ಣು ನೋಯುವಷ್ಟು ಜೋರಾಗಿ ಹೊಡೆಯಬೇಕು. ನನ್ನ ಕೈ ವೇಗ, ತಲೆ ಅದಕ್ಕಿಂತ ವೇಗ. ಒಂದು ಮಧ್ಯಾಹ್ನ ಹನ್ನೊಂದು ಪುಟದ ದಾವೆಯನ್ನು ಒಂದೇ ಉಸಿರಿಗೆ ಮುಗಿಸಿ ಕೊಟ್ಟೆ. ಮರುದಿನ ಕೋರ್ಟಿನಲ್ಲಿ ಅದನ್ನು ಓದಿದ ನ್ಯಾಯಾಧೀಶರು ಕನ್ನಡಕ ತೆಗೆದು, ‘ವಕೀಲರೇ, ನಿಮ್ಮ ಕಕ್ಷಿದಾರರು ತಮ್ಮ ಮನೆಯನ್ನು ತಾವೇ ಒತ್ತುವರಿ ಮಾಡಿಕೊಂಡಿದ್ದಾರೆಯೇ?’ ಎಂದು ಕೇಳಿದರಂತೆ. ಮೂರನೆಯ ಪುಟದಿಂದ ಕೊನೆಯವರೆಗೂ ನಾನು ವಾದಿಯನ್ನು ಪ್ರತಿವಾದಿ ಮಾಡಿದ್ದೆ, ಪ್ರತಿವಾದಿಯನ್ನು ವಾದಿ ಮಾಡಿದ್ದೆ. ದೊಡ್ಡ ಸಾಹೇಬರು ಬಂದು ನನ್ನ ಮೇಜಿನ ಮೇಲೆ ಆರೂ ಪ್ರತಿ ಇಟ್ಟರು. ‘ಪದ್ಮಾಬಾಯ್, ನಿಮ್ಮ ಬೆರಳು ಚೆನ್ನಾಗಿವೆ. ಅವಕ್ಕೆ ಸ್ವಲ್ಪ ಕಾಯುವುದನ್ನು ಕಲಿಸಿ’ ಎಂದರು. ಕಲಿಸಿದೆನೇ? ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಆತುರಗಾತಿಯ ಬುದ್ಧಿಯೂ ಅಷ್ಟೇ.

ಕೆಲವು ವರ್ಷಗಳ ನಂತರ ಎಲೆಕ್ಟ್ರಾನಿಕ್ ಟೈಪ್‌ರೈಟರ್ ಬಂತು. ಕೆಲವು ಪುಟಗಳನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ನಮಗೆಲ್ಲ ಹಬ್ಬ. ಬಾಡಿಗೆ ಕರಾರನ್ನು ಒಮ್ಮೆ ಹೊಡೆದಿಟ್ಟರೆ ಹೆಸರು ಬದಲಿಸಿ ಎಷ್ಟು ಸಲ ಬೇಕಾದರೂ ತೆಗೆಯಬಹುದು. ಹೀಗೆ ತೆಗೆದ ಒಂದು ಮೃತ್ಯುಪತ್ರದಲ್ಲಿ ಸಾಲಿಗಾಂವದ ಒಬ್ಬ ಕ್ರಿಸ್ತಿಯನ್ ಅಜ್ಜ ತನ್ನ ಆಸ್ತಿಯ ಜೊತೆಗೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಯ ಖರ್ಚನ್ನೂ ಮಕ್ಕಳಿಗೆ ವಹಿಸಿದ್ದ. ಅಜ್ಜ ಓದಿಸಿಕೊಂಡು, ಅದೂ ಇರಲಿ ಬಿಡಿ, ದೇವರ ಕೆಲಸ ಎಂದುಬಿಟ್ಟ. ಯಂತ್ರದ ನೆನಪು ಬೇರೆ, ಮನುಷ್ಯರ ನೆನಪು ಬೇರೆ ಎಂದು ನನಗೆ ಅಲ್ಲಿಯೇ ತಿಳಿಯಬೇಕಿತ್ತು. ನಾನು ನಕ್ಕು ಮುಂದಕ್ಕೆ ಹೋದೆ.

ಈಗ ದಸ್ತಗೀರಸಾಬರ ವಿಷಯಕ್ಕೆ ಬರಬೇಕು. ಬರೆಯಲು ಕೂತಾಗಿನಿಂದ ಅದನ್ನು ಮುಂದೂಡುತ್ತಲೇ ಇದ್ದೇನೆ.

ನಮ್ಮ ರೆಕಾರ್ಡ್ ಕೋಣೆ ದಸ್ತಗೀರಸಾಬರ ಕೈಯಲ್ಲಿತ್ತು. ಅವರ ತಂದೆ ವಿಜಾಪುರದ ಕಡೆಯಿಂದ ಬಂದು ಉಸಗಾಂವದ ಗಣಿಯಲ್ಲಿ ಅದಿರು ಹೊತ್ತವರು. ಮಗ ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ, ಆಮೇಲೆ ಗೋವಾಕ್ಕೆ ಬಂದು, ನಮ್ಮ ಕಚೇರಿಗೆ ಜವಾನನಾಗಿ ಸೇರಿ, ಫೈಲು ಎತ್ತುತ್ತ ಇಡುತ್ತ ಅವುಗಳ ಯಜಮಾನನೇ ಆಗಿಬಿಟ್ಟಿದ್ದರು. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಉಸಗಾಂವದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಔಷಧಿ ಅಂಗಡಿಯೊಂದು ಮುಚ್ಚಿದಾಗ ತಂದ ಸಣ್ಣ ಸಣ್ಣ ಗೂಡುಗಳ ಕಪಾಟು ಅವರ ಹತ್ತಿರ ಇತ್ತು. ಗೂಡಿನ ತುಂಬ ಚೀಟಿ. ಒಬ್ಬೊಬ್ಬ ಕಕ್ಷಿದಾರನಿಗೆ ಒಂದೊಂದು ಚೀಟಿ, ಅದರ ಮೇಲೆ ಫೈಲಿನ ನಂಬರು. ಚೀಟಿ ಬರೆದದ್ದು ಕನ್ನಡದಲ್ಲಿ. ಜೋಡಿಸಿದ್ದು ಅ ಆ ಇ ಈ ಪ್ರಕಾರ.

ಇಡೀ ಕಚೇರಿಯಲ್ಲಿ ಆ ಲಿಪಿ ಓದಬಲ್ಲವರು ಅವರನ್ನು ಬಿಟ್ಟರೆ ನಾನೊಬ್ಬಳೇ. ಹಾಗೆಂದು ನಾನು ಓದಿದೆನೇ? ಇಲ್ಲ. ಉಳಿದವರು ಆ ಕಪಾಟನ್ನು ‘ಘಾಟಿಯ ಜಂತರ್‌ಮಂತರ್’ ಎಂದು ನಗುತ್ತಿದ್ದರು. ಘಟ್ಟದ ಮೇಲಿನಿಂದ ಬಂದವರಿಗೆ ಗೋವಾದಲ್ಲಿ ಇಟ್ಟ ಹೆಸರು ಘಾಟಿ. ಕೂಲಿಯವರಿಗೆ ಎನ್ನುವ ಮಾತು, ಆದರೆ ಘಟ್ಟದ ಮೇಲಿನವಳು ನಾನೂ ಹೌದಲ್ಲ. ಆ ನಗು ನನ್ನ ಕಡೆ ತಿರುಗದಿರಲಿ ಎಂದು ನಾನು ಕಚೇರಿಯಲ್ಲಿ ದಸ್ತಗೀರಸಾಬರೊಡನೆ ಕೊಂಕಣಿಯಲ್ಲೇ ಮಾತಾಡುತ್ತಿದ್ದೆ. ಅವರು ಮಾತ್ರ ಪ್ರತಿ ಸಲ ‘ಬಾಯಾರ, ಆರಾಮ ಅದೀರೇನ್ರಿ?’ ಎಂದೇ ಶುರು ಮಾಡುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಯಾವುದಕ್ಕೆ ನಾಚಬೇಕಿತ್ತೋ ಅದಕ್ಕಲ್ಲ.

ತೊಂಬತ್ತರ ದಶಕ ಶುರುವಾದಾಗ ಚಿಕ್ಕ ಸಾಹೇಬರು ಕಂಪ್ಯೂಟರ್ ಬೇಕೇ ಬೇಕು ಎಂದು ಹಟ ಹಿಡಿದರು. ದೊಡ್ಡ ಸಾಹೇಬರು ಒಂದು ಷರತ್ತು ಹಾಕಿದರು. ‘ಮೊದಲು ನಮ್ಮ ಕಚೇರಿಯಲ್ಲಿ ಏನೇನು ಕೆಲಸ ನಡೆಯುತ್ತದೆ ಎಂದು ಬರೆದು ತನ್ನಿ. ಆಮೇಲೆ ಯಂತ್ರ ನೋಡೋಣ. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ.’ ಬರೆಯುವ ಕೆಲಸ ನನಗೆ ಬಂತು. ಚಿಕ್ಕ ಸಾಹೇಬರು ಒಂದು ನಮೂನೆ ಮಾಡಿಕೊಟ್ಟರು. ಮೂರು ಕಾಲಂ: ಯಾವ ಕೆಲಸ, ಯಾರು ಮಾಡುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ. ದೊಡ್ಡ ಸಾಹೇಬರು ಅದನ್ನು ನೋಡಿ, ಸ್ಕೇಲು ತೆಗೆದುಕೊಂಡು ತಾವೇ ಇನ್ನೊಂದು ಗೆರೆ ಎಳೆದರು. ನಾಲ್ಕನೆಯ ಕಾಲಂ: ‘ಅವರನ್ನು ಕೇಳಿದ್ದೀರಾ?’

‘ಒಬ್ಬನ ಮಾತು ಕೇಳದೆ ಅವನ ವಿಷಯದಲ್ಲಿ ತೀರ್ಮಾನ ಮಾಡಬಾರದು. ಕೋರ್ಟಿನಲ್ಲಿ ದಿನಾ ಇದನ್ನೇ ಹೇಳಿ ಅನ್ನ ತಿನ್ನುತ್ತೇವೆ’ ಎಂದರು.

ಮೂರು ವಾರ ಪಟ್ಟಿ ಹಿಡಿದು ಓಡಾಡಿದೆ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ. ಟೈಪಿಸ್ಟರನ್ನು ಕೇಳಿದೆ, ಜೂನಿಯರ್ ವಕೀಲರನ್ನು ಕೇಳಿದೆ, ಕೋರ್ಟಿಗೆ ಹೋಗಿ ಬರುವ ಗುಮಾಸ್ತರನ್ನು ಕೇಳಿದೆ. ದಸ್ತಗೀರಸಾಬರನ್ನು ಕೇಳಲಿಲ್ಲ. ಕೇಳಲು ಏನಿದೆ, ಫೈಲು ಹುಡುಕಿ ಕೊಡುತ್ತಾರೆ, ಅಷ್ಟೇ ತಾನೇ ಎಂದುಕೊಂಡೆ. ಅವರ ಮಾತು ನಿಧಾನ. ಒಂದು ಕೇಳಿದರೆ ಬೀಜ ಬಿತ್ತಿದಲ್ಲಿಂದ ಹೇಳುತ್ತಾರೆ. ನನಗೆ ಅಷ್ಟು ತಾಳ್ಮೆಯಿಲ್ಲ. ಅದಕ್ಕೆ ಬಾಗಿಲ ಹೊರಗೆ ನಿಂತು ಕೈಗಡಿಯಾರ ನೋಡಿದೆ. ಹೊಸ ಪ್ರಕರಣ ತಂದಿದ್ದ ಹಳೆಯ ಕಕ್ಷಿದಾರರೊಬ್ಬರ ಫೈಲು ಬೇಕಿತ್ತು. ದಸ್ತಗೀರಸಾಬರು ಒಂದು ಗೂಡು ತೆಗೆದರು, ಚೀಟಿ ನೋಡಿದರು, ಇಟ್ಟರು. ಇನ್ನೊಂದು ಗೂಡು, ಮತ್ತೊಂದು ಗೂಡು. ಸ್ವಲ್ಪ ಹೊತ್ತು ಗೋಡೆ ನೋಡುತ್ತ ನಿಂತರು. ಮತ್ತೆ ಮೊದಲ ಗೂಡು. ಏಳು ನಿಮಿಷ.

ನಾನು ಬರೆದೆ: ‘ಫೈಲು ಹುಡುಕುವುದು. ದಸ್ತಗೀರ. ಏಳು ನಿಮಿಷ.’ ನಾಲ್ಕನೆಯ ಕಾಲಮ್ಮಿನಲ್ಲಿ, ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಹಾಕಿದಂತೆ, ‘ಹೌದು’ ಎಂದು ಗುರುತು ಹಾಕಿದೆ. ಪೆನ್ನು ತಾನಾಗಿ ಹೋಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೆನ್ನು ತಾನಾಗಿ ಎಲ್ಲಿಗೂ ಹೋಗುವುದಿಲ್ಲ.

ಯಂತ್ರ ಮಾರುವವನು ಬಂದ. ಟೈ ಕಟ್ಟಿದ ತರುಣ, ಪಣಜಿಯ ಸೆಕೆಗೆ ಬೆವೆತು ಹೋಗಿದ್ದ. ಪರದೆಯ ಮೇಲೆ ಹತ್ತು ಹೆಸರು ತುಂಬಿ, ಒಂದನ್ನು ಕುಟ್ಟಿದ. ಕಣ್ಣು ಮಿಟುಕಿಸುವುದರೊಳಗೆ ಹೆಸರು ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ಕರೆಂಟು ಹೋಯಿತು. ‘ಇದಕ್ಕೂ ಒಂದು ಪೆಟ್ಟಿಗೆ ಸಿಗುತ್ತದೆ, ಅದನ್ನೂ ಕೊಳ್ಳಬೇಕು’ ಎಂದ. ದೊಡ್ಡ ಸಾಹೇಬರು ಕತ್ತಲೆಯಲ್ಲಿಯೇ, ‘ಇದು ತಪ್ಪು ಮಾಡುವುದಿಲ್ಲವೇ?’ ಎಂದು ಕೇಳಿದರು. ‘ನೀವು ಏನು ಕೊಡುತ್ತೀರೋ ಅದನ್ನೇ ಹುಡುಕುತ್ತದೆ, ಸಾರ್’ ಎಂದ ಆತ. ಪಾಪ, ಖರೇನೇ ಹೇಳಿದ್ದ. ಅದರ ಅರ್ಥ ನಮ್ಮ ಯಾರ ತಲೆಗೂ ಹೋಗಲಿಲ್ಲ.

ಕಂಪ್ಯೂಟರ್ ಬಂತು. ಎಲ್ಲರೂ ಚಪ್ಪಲಿ ಬಿಟ್ಟು ಆ ಕೋಣೆಗೆ ಹೋಗುತ್ತಿದ್ದೆವು. ಹಳೆಯ ಚೀಟಿಗಳನ್ನು ನೋಡಿ ಹೆಸರು ತುಂಬಬೇಕೇ ಎಂದು ಆಪರೇಟರ್ ಹುಡುಗಿ ಕೇಳಿದಳು. ಚೀಟಿ ಓದುವವಳು ನಾನೊಬ್ಬಳೇ, ಸಾವಿರಾರು ಚೀಟಿ, ತಿಂಗಳುಗಟ್ಟಲೆ ಕೂರಬೇಕು. ‘ಫೈಲಿನ ಮೇಲೆ ಇಂಗ್ಲಿಷಿನಲ್ಲಿ ಹೆಸರಿದೆಯಲ್ಲ, ಅದೇ ಸಾಕು’ ಎಂದೆ. ಕಪಾಟು ತಾರಸಿಯ ಮೇಲಿನ ಕೋಣೆಗೆ ಹೋಯಿತು.

ದಸ್ತಗೀರಸಾಬರನ್ನು ದೊಡ್ಡ ಸಾಹೇಬರು ಒಳಗೆ ಕರೆದು ಮಾತಾಡಿ ಕೆಲಸದಿಂದ ಕಳಿಸಿದರು. ಹೊರಗೆ ಬಂದವರು ನನ್ನ ಮೇಜಿನ ಹತ್ತಿರ ನಿಂತು, ‘ಬರ್ತೇನ್ರಿ ಬಾಯಾರ’ ಎಂದರು. ನಾನು ಕೊಂಕಣಿಯಲ್ಲಿ ಏನೋ ಒಳ್ಳೆಯ ಮಾತು ಹೇಳಿ ಟೈಪಿಂಗ್ ಮುಂದುವರಿಸಿದೆ.

ಎಂಟು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ವಯಸ್ಸಾದ ಒಬ್ಬ ವಿಧವೆ ಬಂದರು. ವಾಳಪೈ ಕಡೆಯವರು, ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದರು. ಗಂಡ ಸತ್ತಾಗ ಆಸ್ತಿ ಪಾಲಿನ ಕೆಲಸವನ್ನು ನಮ್ಮ ದೊಡ್ಡ ಸಾಹೇಬರೇ ಮಾಡಿಕೊಟ್ಟಿದ್ದರು. ಅಂದಿನಿಂದ ಆ ಮನೆಗೆ ವಕೀಲರೆಂದರೆ ಇವರೇ. ಸೆರಗಿನಿಂದ ಒಂದು ಲಕೋಟೆ ತೆಗೆದು ಕೊಟ್ಟರು.

‘ಯಾರೋ ನಮ್ಮ ಗೇರುಗುಡ್ಡ ತಮ್ಮದು ಅಂತ ನೋಟೀಸ್ ಕಳಿಸಿದ್ದಾರೆ, ಬಾಬಾ. ನನಗೆ ಇಂಗ್ಲಿಷ್ ಬರುವುದಿಲ್ಲ. ಇದಕ್ಕೊಂದು ಗಟ್ಟಿ ಉತ್ತರ ಬರೆದು ಕೊಡಿ.’

ದೊಡ್ಡ ಸಾಹೇಬರು ಲಕೋಟೆ ಬಿಡಿಸಿದರು. ನಾನು ಎದುರಿಗೇ ನಿಂತಿದ್ದೆ. ಕಾಗದದ ತಲೆಯ ಮೇಲೆ ನಮ್ಮ ಕಚೇರಿಯ ಹೆಸರು. ಕೆಳಗೆ ಚಿಕ್ಕ ಸಾಹೇಬರ ಸಹಿ. ಟೈಪು ನನ್ನದು.

ಗೋವಾದಲ್ಲಿ ಕೆಲಸ ಮಾಡುವ ನನ್ನ ಕಿರಿಯರೇ, ಇದನ್ನು ತಿಳಿದುಕೊಳ್ಳಿ. ಇಲ್ಲಿ ಒಂದು ಮನೆತನಕ್ಕೆ ಎರಡು ಹೆಸರು. ಬಾಯಿಯಲ್ಲಿ ಪ್ರಭು, ಹಳೆಯ ಪೋರ್ಚುಗೀಸ್ ಪತ್ರದಲ್ಲಿ ಪೋರೊಬೊ. ಬಾಯಿಯಲ್ಲಿ ಕಾಮತ, ಪತ್ರದಲ್ಲಿ ಕಾಮೋತಿಂ. ಶೇಟ್ ಎಂಬುದು ಕೆಲವೆಡೆ ಎಕ್ಸ್ ಅಕ್ಷರದಿಂದ ಶುರುವಾಗುತ್ತದೆ. ನಾಯಕ ಎಂಬ ಹೆಸರಿನೊಳಗೆ ಕ್ಯೂ ಬಂದು ಕೂರುತ್ತದೆ. ಆ ಅಜ್ಜಿಯ ಹಳೆಯ ಫೈಲು ಕಾಮೋತಿಂ ಎಂದಿತ್ತು. ಹೊಸ ಕಕ್ಷಿದಾರನೊಬ್ಬ ಬಂದು ಕಾಮತ ಎಂಬವರ ಮೇಲೆ ದಾವೆ ಹಾಕಬೇಕೆಂದಾಗ ಜೂನಿಯರ್ ವಕೀಲರು, ಎದುರಿನವರೂ ನಮ್ಮ ಹಳೆಯ ಕಕ್ಷಿದಾರರೇನೋ ಎಂದು, ಕಂಪ್ಯೂಟರಿನಲ್ಲಿ ಕಾಮತ ಎಂದು ಕುಟ್ಟಿ ನೋಡಿದರು. ಅಂಥ ಹೆಸರಿಲ್ಲ ಎಂದಿತು ಯಂತ್ರ. ನಾವು ಪ್ರಕರಣ ತೆಗೆದುಕೊಂಡೆವು. ನಮ್ಮನ್ನೇ ನಂಬಿದ ಮುದುಕಿಯ ಮೇಲೆ ನಾವೇ ಹೋದೆವು.

ದೊಡ್ಡ ಸಾಹೇಬರು ಎದ್ದು ನಿಂತು ಆ ಅಜ್ಜಿಗೆ ಕೈ ಮುಗಿದರು. ಹೊಸ ಪ್ರಕರಣವನ್ನು ಅಂದೇ ಬಿಟ್ಟುಕೊಟ್ಟರು. ಎರಡೂ ಕಡೆಯ ಕಾಗದ ಕಂಡ ಮೇಲೆ ಅಜ್ಜಿಯ ಪರವಾಗಿಯೂ ತಾವು ನಿಲ್ಲುವಂತಿಲ್ಲ ಎಂದು ಬೇರೆ ಒಳ್ಳೆಯ ವಕೀಲರ ಹತ್ತಿರ ತಾವೇ ಕರೆದುಕೊಂಡು ಹೋದರು. ಅಜ್ಜಿಗೆ ಅದು ಅರ್ಥವಾಗಲೇ ಇಲ್ಲ. ‘ನನ್ನ ಮೇಲೆ ಸಿಟ್ಟೇ, ಬಾಬಾ?’ ಎಂದು ಕೇಳುತ್ತಲೇ ಮೆಟ್ಟಿಲಿಳಿದರು.

ಮರಳಿ ಬಂದ ದೊಡ್ಡ ಸಾಹೇಬರು ಕೇಳಿದರು: ‘ದಸ್ತಗೀರ ಇದ್ದಾಗ ಇಂಥದ್ದು ಒಂದೂ ಆಗಿರಲಿಲ್ಲ. ಅವನು ಏನು ಮಾಡುತ್ತಿದ್ದ?’

ನನಗೆ ಆಗ ಹೊಳೆಯಿತು. ಆ ಏಳು ನಿಮಿಷ. ಒಂದು ಗೂಡು ಬಂದವರದ್ದು, ಇನ್ನೊಂದು ಎದುರು ಪಾರ್ಟಿಯದ್ದು.

‘ನೀವು ಕೇಳಿದಾಗ ಅವನು ಇದನ್ನು ಯಾಕೆ ಹೇಳಲಿಲ್ಲ?’

‘ಗೊತ್ತಿಲ್ಲ, ಸಾಹೇಬ’ ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಅದನ್ನೂ ಮಾಡಲಿಲ್ಲ. ತಪ್ಪೆಲ್ಲ ಎದುರಿಗಿಲ್ಲದ ಮನುಷ್ಯನ ತಲೆಗೆ ಹೋಯಿತು. ‘ಮೂರ್ಖ, ತನ್ನ ಕೆಲಸ ಏನೆಂದು ಹೇಳಲೂ ಬರಲಿಲ್ಲ. ಹೋಗಿ ಕರೆತನ್ನಿ’ ಎಂದರು.

ಉಸಗಾಂವಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ಬಾಗಿಲ ಹತ್ತಿರ ನಿಂತಿದ್ದೆ. ದಸ್ತಗೀರಸಾಬರು ಅದಿರು ಲಾರಿಗಳನ್ನು ತೂಗುವ ಕಾಂಟಾದಲ್ಲಿ ಲಾರಿ ನಂಬರು ಬರೆಯುವ ಕೆಲಸ ಹಿಡಿದಿದ್ದರು. ಕೆಂಪು ಧೂಳಿನಲ್ಲಿ ಹುಬ್ಬು ಕೂಡ ಕೆಂಪಾಗಿತ್ತು. ನನ್ನನ್ನು ಕಂಡು ಎದ್ದು ಬಂದರು.

‘ಬರ್ರಿ ಬಾಯಾರ. ಇಷ್ಟ ದೂರ ಬಂದೀರಿ. ಆರಾಮ ಅದೀರೇನ್ರಿ?’

ಅಂದು ಮೊದಲ ಸಲ ಅವರೊಡನೆ ಕನ್ನಡದಲ್ಲಿ ಮಾತಾಡಿದೆ. ನೋಟೀಸಿನಿಂದ ಆದದ್ದನ್ನೆಲ್ಲ ಹೇಳಿದೆ. ಅಜ್ಜಿಯ ಮಾತು ಬಂದಾಗ ಅವರು ಕಣ್ಣು ಮುಚ್ಚಿದರು.

‘ಅಯ್ಯ, ಆ ಕಾಮತ ಬಾಯಿನ್ರಿ? ಅವರ ಫೈಲ್ ಎರಡನೇ ಕಪಾಟಿನ ಕೆಳಗ ಐತ್ರಿ. ಕಾಗದದಾಗ ಏನರೆ ಇರ್ಲಿ, ಊರ ಮಂದಿ ಬಾಯಾಗ ಏನಂತಾರ ಅದನ್ನ ನಾ ಬರಕೋತಿದ್ನಿ. ಬಂದವರನ್ನ ಕೇಳತಿದ್ನಿ, ನಿಮ್ಮನ್ನ ಊರಾಗ ಹೆಂಗ ಕರೀತಾರ ಅಂತ. ಇಂಗ್ಲೀಷಿನ್ಯಾಗ ಒಂದ ಹೆಸರಿಗೆ ಹತ್ತ ನಮೂನಿ. ನಮ್ಮ ಕನ್ನಡದಾಗ ಅಂದಂಗ ಬರೀಬಹುದಲ್ರಿ.’

‘ಎದುರು ಪಾರ್ಟಿ ಹೆಸರೂ ನೋಡ್ತಿದ್ರಿ. ಯಾರು ಹೇಳಿದ್ರು ನಿಮಗ?’

‘ಯಾರು ಹೇಳಬೇಕ್ರಿ? ಒಂದ ಮನ್ಯಾಗ ಇಬ್ಬರ ಕಡೆ ಉಪ್ಪು ತಿನ್ನಾಕ ಬರತೈತೇನ್ರಿ?’

ಲಾರಿಯೊಂದು ಕಾಂಟಾ ಹತ್ತಿ ಇಳಿಯಿತು. ಆಮೇಲೆ ಅವರೇ ಹೇಳಿದರು.

‘ನನ್ನ ಕಳಸೂ ಮುಂದ ದೊಡ್ಡ ಸಾಹೇಬ್ರು ಅಂದ್ರು, ನಿನ್ನೂ ಕೇಳ್ಯಾರಲ್ಲಪಾ, ನೀನ ಹೂಂ ಅಂದೀಯಲ್ಲ ಅಂತ. ನಾ ಸುಮ್ಮ ಆದ್ನಿ. ಬಾಯಾರ, ನನ್ನ ಯಾರ ಕೇಳಿದ್ರಿ?’

ದನಿಯಲ್ಲಿ ಸಿಟ್ಟಿರಲಿಲ್ಲ. ಖರೇ ತಿಳಿಯಬೇಕೆಂದು ಕೇಳಿದ್ದರು. ಎಂಟು ತಿಂಗಳು ಆ ಪ್ರಶ್ನೆ ಇಟ್ಟುಕೊಂಡು ಲಾರಿ ನಂಬರು ಬರೆದಿದ್ದರು.

‘ಯಾರೂ ಕೇಳಲಿಲ್ರಿ. ನಾನು ಕೇಳದ ಕೇಳೀನಿ ಅಂತ ಬರದೆ. ತಪ್ಪಾತು’ ಎಂದೆ. ಅವರು ತಲೆಯಾಡಿಸಿ, ಚಹಾ ತರಿಸಿದರು.

ಅವರು ವಾರದ ದಿನ ಕಾಂಟಾ ಬಿಡುವಂತಿರಲಿಲ್ಲ. ಭಾನುವಾರ ಬರುತ್ತೇನೆ ಎಂದರು. ತಾರಸಿ ಕೋಣೆಯ ಕಪಾಟು ತೆಗೆದರೆ ಅರ್ಧಕ್ಕರ್ಧ ಚೀಟಿ ಗೆದ್ದಲಿನ ಪಾಲಾಗಿತ್ತು. ಉಳಿದದ್ದನ್ನು ನಾನು ಓದುತ್ತಿದ್ದೆ, ಇಲ್ಲದ್ದನ್ನು ಅವರು ನೆನಪಿನಿಂದ ಹೇಳುತ್ತಿದ್ದರು. ಕಂಪ್ಯೂಟರಿನಲ್ಲಿ ಹೊಸದೊಂದು ಖಾನೆ ಮಾಡಿಸಿದೆವು, ಹೆಸರು ‘ಬಾಯಿ ಹೆಸರು’. ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಒಂದು ದನಿಗೆ ಒಂದೇ ಸ್ಪೆಲ್ಲಿಂಗ್ ಎಂದು ನಾವಿಬ್ಬರೂ ಕೂತು ಗೊತ್ತುಮಾಡಿದೆವು. ಒಂದು ಸ್ಪೆಲ್ಲಿಂಗಿಗೆ ಅರ್ಧ ದಿನ ಜಗಳಾಡಿದ್ದೂ ಇದೆ. ‘ಬಾಯಾರ, ಗಡಬಡಿ ಮಾಡಬ್ಯಾಡ್ರಿ, ಇನ್ನೊಮ್ಮೆ ಅಂದು ನೋಡ್ರಿ’ ಎಂದು ನನ್ನ ಬಾಯಿಂದ ಅದೇ ಹೆಸರನ್ನು ಹತ್ತು ಸಲ ಅನ್ನಿಸುತ್ತಿದ್ದರು. ಈ ಅಕ್ಷರಗಳನ್ನು ಇಷ್ಟು ಚೆನ್ನಾಗಿ ಜೋಡಿಸಿಟ್ಟವರನ್ನು ಅಷ್ಟು ವರ್ಷ ಬಾಗಿಲಾಚೆಯಿಂದ ನೋಡಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ದೊಡ್ಡ ಸಾಹೇಬರಿಗೆ ಹೇಳಬೇಕಾದ ಮಾತನ್ನು ಹೇಳಲಿಲ್ಲ. ಈ ಭಾನುವಾರ ಬೇಡ, ಮುಂದಿನದು ಎನ್ನುತ್ತ ಬಂದೆ.

ಕೊನೆಯ ಭಾನುವಾರ ದೊಡ್ಡ ಸಾಹೇಬರೇ ಬಂದರು. ಖಾನೆಯಲ್ಲಿ ಒಂದಿಷ್ಟು ಹೆಸರು ಹುಡುಕಿಸಿ ನೋಡಿ, ಜೇಬಿನಿಂದ ಕಾಗದವೊಂದನ್ನು ತೆಗೆದು ದಸ್ತಗೀರಸಾಬರಿಗೆ ಕೊಟ್ಟರು. ರೆಕಾರ್ಡ್ ಕೋಣೆಗೆ ಮತ್ತೆ ನೇಮಕದ ಪತ್ರ. ‘ತೆಗೆದುಕೋ. ಇನ್ನು ಮುಂದಾದರೂ ಕೇಳಿದಾಗ ಬಾಯಿಬಿಟ್ಟು ಹೇಳು’ ಎಂದರು.

ದಸ್ತಗೀರಸಾಬರು ಪತ್ರವನ್ನು ಹಿಡಿದರು. ಜೇಬಿಗೆ ಹಾಕಲಿಲ್ಲ. ನನ್ನ ಕಡೆ ತಿರುಗಿದರು.

‘ಬಾಯಾರ, ಸಾಹೇಬ್ರಿಗೆ ಒಂದ ಮಾತ ಹೇಳೂದೈತ್ರಿ. ನೀವು ಹೇಳ್ರಿ.’

‘ನೀವ ಹೇಳ್ರಲ್ಲ. ನಿಮ್ಮ ಕೊಂಕಣಿ ನನಗಿಂತ ಛಲೋ ಅದ.’

‘ಅದು ನನ್ನ ಮಾತಲ್ರಿ. ನಿಮ್ಮ ಮಾತು.’

ಕೆಲಸ ಹೋಗುತ್ತದೆ ಎನಿಸಿತು, ಮರ್ಯಾದೆಯಂತೂ ಹೋಯಿತು ಎನಿಸಿತು. ಆದರೆ ಆ ಮನುಷ್ಯ ಪತ್ರ ಹಿಡಿದು ಕಾಯುತ್ತಿದ್ದರು, ಮೂರ್ಖ ಎನ್ನಿಸಿಕೊಂಡು ಆ ಬಾಗಿಲಲ್ಲಿ ಮತ್ತೆ ಕಾಲಿಡಲು ಅವರಿಗೆ ಮನಸ್ಸಿರಲಿಲ್ಲ. ನಾನು ಕೊಂಕಣಿಯಲ್ಲಿ ಹೇಳಿದೆ. ದಸ್ತಗೀರಸಾಬರನ್ನು ನಾನು ಕೇಳಲೇ ಇಲ್ಲ, ಹೊರಗೆ ನಿಂತು ಗಡಿಯಾರ ನೋಡಿದೆ, ನಿಮ್ಮ ಕಾಲಮ್ಮಿನಲ್ಲಿ ಸುಳ್ಳು ಬರೆದೆ ಎಂದೆ.

ದೊಡ್ಡ ಸಾಹೇಬರು ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಆಮೇಲೆ ದಸ್ತಗೀರಸಾಬರ ಕಡೆ ತಿರುಗಿ, ‘ನನ್ನ ಕೋಣೆಗೆ ಕರೆದಿದ್ದೆನಲ್ಲ, ಆವತ್ತು ನನಗಾದರೂ ಹೇಳಬಾರದಿತ್ತೇ?’ ಎಂದರು.

ದಸ್ತಗೀರಸಾಬರು ಕೊಂಕಣಿಯಲ್ಲೇ ಉತ್ತರ ಕೊಟ್ಟರು. ‘ಆವತ್ತು ನೀವು ಹೇಳಿದಿರಿ, ಸಾಹೇಬ. ನೀವೂ ಕೇಳಲಿಲ್ಲ.’

ದೊಡ್ಡ ಸಾಹೇಬರು ಕುರ್ಚಿಯೊಂದನ್ನು ಎಳೆದು ದಸ್ತಗೀರಸಾಬರ ಮುಂದೆ ಇಟ್ಟರು. ಇನ್ನೊಂದನ್ನು ಎಳೆದುಕೊಂಡು ತಾವು ಎದುರಿಗೆ ಕೂತರು. ಆ ಕಚೇರಿಯಲ್ಲಿ ಸಾಹೇಬರ ಎದುರು ದಸ್ತಗೀರಸಾಬರು ಕೂತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

‘ಕೂತುಕೋ’ ಎಂದರು ಸಾಹೇಬರು. ‘ಈಗ ಕೇಳುತ್ತೇನೆ. ನೀನು ಏನು ಕೆಲಸ ಮಾಡುತ್ತೀ?’

ದಸ್ತಗೀರಸಾಬರು ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಕೂತರು. ತಾವು ಮೊದಲ ದಿನ ಬಂದಲ್ಲಿಂದ ಹೇಳತೊಡಗಿದರು. ನಾನು ಹೊಸ ಹಾಳೆ ತೆಗೆದು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ.